ನೋಡಿ ಮುಗಿಸಿದವರ ಊರು

ಮೈಸೂರಿನಲ್ಲಿ ಹುಟ್ಟಿ ಬೆಳೆದ ಯಾರನ್ನಾದರೂ ಜಗನ್ಮೋಹನ ಅರಮನೆಯ ಆರ್ಟ್ ಗ್ಯಾಲರಿಗೆ ಕರೆದು ನೋಡಿ. "ಅಯ್ಯೋ, ಅದನ್ನ ಸ್ಕೂಲಲ್ಲಿದ್ದಾಗಲೇ ನೋಡಾಯ್ತಲ್ಲ" ಎಂಬ ಉತ್ತರ ನಾಲಿಗೆಯ ತುದಿಯಲ್ಲೇ ಇರುತ್ತದೆ. ನೋಡಿದ್ದು ಹೇಗೆ ಎಂದು ವಿಚಾರಿಸಿದರೆ ಎಲ್ಲರ ಕಥೆಯೂ ಒಂದೇ. ಮೇಷ್ಟ್ರು ಸಾಲು ಕಟ್ಟಿಸಿದರು, ಬಾಯಿಯ ಮೇಲೆ ಬೆರಳಿಡಿಸಿದರು, ಒಂದು ಬಾಗಿಲಲ್ಲಿ ಎಣಿಸಿ ಒಳಗೆ ಬಿಟ್ಟು ಇನ್ನೊಂದು ಬಾಗಿಲಲ್ಲಿ ಎಣಿಸಿ ಹೊರಗೆ ತಂದರು. ನೆನಪಲ್ಲಿ ಉಳಿದಿರುವುದು ಆಮೇಲೆ ತಿಂದ ಪುಳಿಯೋಗರೆ. ಈ ಮೆರವಣಿಗೆಯನ್ನೇ ನೋಡಿದ್ದು ಎಂದುಕೊಂಡು ಊರಿನ ಮುಕ್ಕಾಲು ಪಾಲು ಜನ ನೆಮ್ಮದಿಯಾಗಿದ್ದಾರೆ. ಮತ್ತೆ ಆ ಕಡೆ ತಲೆ ಹಾಕುವುದು ಪುಣೆಯಿಂದಲೋ ಬೆಳಗಾವಿಯಿಂದಲೋ ನೆಂಟರು ಬಂದಾಗ. ಆಗಲೂ ಟಿಕೆಟ್ ಕೊಡಿಸಿ, "ನೀವು ನೋಡ್ಕೊಂಡು ಬನ್ನಿ, ನಾವು ಇಲ್ಲೇ ಇರ್ತೀವಿ" ಎನ್ನುವವರೇ ಹೆಚ್ಚು.

ಮ್ಯೂಸಿಯಂ ಎಂದರೆ ಒಮ್ಮೆ ನೋಡಿ ಮುಗಿಸುವ ವಸ್ತು ಎಂಬುದು ಜನಸಾಮಾನ್ಯರ ನಂಬಿಕೆ. ಓದಿದವರದು ಸ್ವಲ್ಪ ಬೇರೆ: ಅಲ್ಲಿಗೆ ಹೋಗುವವನು ಒಬ್ಬನೇ ಹೋಗಬೇಕು, ಮೌನವಾಗಿ ನಿಲ್ಲಬೇಕು, ಕೈ ಬೆನ್ನ ಹಿಂದೆ ಕಟ್ಟಿಕೊಳ್ಳಬೇಕು, ಜೊತೆಗೆ ಯಾರಾದರೂ ಇದ್ದರೆ ರಸಭಂಗ. ಮೇಲ್ನೋಟಕ್ಕೆ ಇವೆರಡೂ ಒಂದಕ್ಕೊಂದು ವಿರುದ್ಧ. ಮೊದಲನೆಯದು ಉದಾಸೀನ, ಎರಡನೆಯದು ಭಕ್ತಿ. ನನ್ನ ತಕರಾರು ಎರಡರ ಮೇಲೂ ಇದೆ. ಎರಡೂ ನಂಬಿರುವುದು ಒಂದನ್ನೇ: ಚಿತ್ರವಾಗಲಿ ಒನಕೆಯಾಗಲಿ ತನ್ನೊಳಗೆ ಇಷ್ಟು ವಿಷಯ ತುಂಬಿಕೊಂಡು ಕೂತಿದೆ, ಕಣ್ಣಿದ್ದವನು ಅದನ್ನು ಹೀರಿಕೊಂಡು ಬಂದರೆ ಕೆಲಸ ಆಯಿತು. ಆದರೆ ವಿಷಯ ಹುಟ್ಟುವುದು ಅದರ ಮುಂದೆ ಇಬ್ಬರು ನಿಂತು ಮಾತಾಡಿದಾಗ, ಅದರಲ್ಲೂ ಒಬ್ಬರ ಮಾತು ಇನ್ನೊಬ್ಬರಿಗೆ ಒಪ್ಪಿಗೆಯಾಗದಿದ್ದಾಗ. ಆದ್ದರಿಂದ ಮ್ಯೂಸಿಯಮ್ಮಿಗೆ ಗೆಳೆಯನನ್ನೋ ಗೆಳತಿಯನ್ನೋ ಕರೆದುಕೊಂಡು ಹೋಗಬೇಕು, ಮತ್ತೆ ಮತ್ತೆ ಹೋಗಬೇಕು, ಒಂದು ಸಲಕ್ಕೆ ಒಂದೋ ಎರಡೋ ವಸ್ತುವಿನ ಮುಂದೆ ನಿಂತು ಬರಬೇಕು.

ಒಮ್ಮೆ ನೋಡಿದರೆ ಸಾಕು ಎನ್ನುವ ಇದೇ ಜನ ಆಷಾಢ ಶುಕ್ರವಾರ ಬಂತೆಂದರೆ ಚಾಮುಂಡಿ ಬೆಟ್ಟ ಹತ್ತುತ್ತಾರೆ. ಮೃಗಾಲಯ 1892ರಿಂದ ಇದೆ. ಅಜ್ಜ ಮೊಮ್ಮಗನನ್ನು ಅಲ್ಲಿಗೆ ಕರೆದೊಯ್ಯುವಾಗ "ಹುಲಿ ನಾನು ನೋಡಿದ್ದೇ" ಎಂದು ಗೇಟಿನಲ್ಲಿ ನಿಲ್ಲುವುದಿಲ್ಲ. ಹಳ್ಳಿಗಳಲ್ಲಿ ಕುರುಕ್ಷೇತ್ರ ನಾಟಕ ಹಾಕಿದರೆ ದುರ್ಯೋಧನ ಸಾಯುವುದು ಗೊತ್ತಿದ್ದೂ ಬೆಳಗಿನ ಜಾವದವರೆಗೆ ಕೂರುತ್ತಾರೆ. ಗೊತ್ತಿರುವುದನ್ನು ಮತ್ತೆ ನೋಡುವುದೇ ನಮ್ಮ ಜನರ ರಸಿಕತೆ. ಅದೇಕೋ ಮ್ಯೂಸಿಯಮ್ಮಿನ ಬಾಗಿಲಿಗೆ ಬಂದೊಡನೆ ಅದು ಕೈಕೊಡುತ್ತದೆ.

ಜಗನ್ಮೋಹನ ಅರಮನೆಯ ಚರಿತ್ರೆ ಗೊತ್ತಿದ್ದವರಿಗೆ ಗ್ಯಾಲರಿಯೊಳಗಿನ ನಮ್ಮ ಮೌನ ಇನ್ನಷ್ಟು ವಿಚಿತ್ರವಾಗಿ ಕಾಣುತ್ತದೆ. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1861ರಲ್ಲಿ ಮುಗಿದ ಕಟ್ಟಡ ಅದು. 1897ರಲ್ಲಿ ರಾಜಕುಮಾರಿ ಜಯಲಕ್ಷ್ಮಮ್ಮಣ್ಣಿಯವರ ಮದುವೆಯ ಹೊತ್ತಿಗೆ ಮರದ ಹಳೆಯ ಅರಮನೆಗೆ ಬೆಂಕಿ ಬಿದ್ದಾಗ ರಾಜಮನೆತನ ಬಂದು ನೆಲೆಸಿದ್ದು ಇಲ್ಲೇ. 1902ರಲ್ಲಿ ಲಾರ್ಡ್ ಕರ್ಜನ್ ಬಂದು ನಾಲ್ವಡಿಯವರಿಗೆ ಅಧಿಕಾರ ವಹಿಸಿಕೊಟ್ಟಿದ್ದೂ ಇಲ್ಲೇ. ಪ್ರಜಾಪ್ರತಿನಿಧಿ ಸಭೆ ಸೇರಿ, ಊರೂರುಗಳ ಪ್ರತಿನಿಧಿಗಳು ದಿವಾನರ ಮುಂದೆ ಕೆರೆ, ಕಂದಾಯ, ರಸ್ತೆಗಳ ಅಹವಾಲು ಹೇಳಿಕೊಂಡ ಸಭಾಂಗಣವೂ ಇಲ್ಲಿಯದೇ. ಮೈಸೂರು ಸೀಮೆಯ ಜನ ಬಾಯಿ ಬಿಟ್ಟು ಮಾತಾಡಲು ಕಲಿತ ಮನೆ ಎಂದರೂ ನಡೆಯುತ್ತದೆ. 1915ರಲ್ಲಿ ಅದು ಚಿತ್ರಶಾಲೆಯಾಯಿತು, 1955ರಲ್ಲಿ ಜಯಚಾಮರಾಜೇಂದ್ರರ ಹೆಸರು ಪಡೆಯಿತು. ನಾವು ಅಲ್ಲಿ ಬಾಯಿಗೆ ಬೀಗ ಹಾಕಿಕೊಂಡೆವು.

ಪೂರ್ತಿ ಹಾಕಿಕೊಂಡಿಲ್ಲ, ಅದನ್ನೂ ಹೇಳಬೇಕು. ಅದೇ ಆವರಣದ ಸಭಾಂಗಣದಲ್ಲಿ ರಂಗಪ್ರವೇಶ, ಕಛೇರಿ ನಡೆಯುತ್ತವೆ, ರೇಷ್ಮೆ ಸೀರೆಗಳ ಮಾರಾಟ ಮೇಳವೂ ನಡೆಯುತ್ತದೆ. ಮೈಸೂರಿನ ಹೆಂಗಸರು ಆ ಆವರಣಕ್ಕೆ ಎಷ್ಟು ಸಲ ಬಂದಿದ್ದೀರಿ ಎಂದರೆ ಲೆಕ್ಕ ಇಟ್ಟಿರುವುದಿಲ್ಲ. ಗ್ಯಾಲರಿಗೆ ಎಷ್ಟು ಸಲ ಎಂದರೆ ಮತ್ತೆ ಆ ಸ್ಕೂಲಿನ ಪುಳಿಯೋಗರೆ. ಸೀರೆಯನ್ನು ಯಾರೂ ಒಬ್ಬರೇ ಹೋಗಿ, ಮೌನವಾಗಿ, ಒಂದು ಸುತ್ತು ಹಾಕಿ ತರುವುದಿಲ್ಲ. ನಾದಿನಿ ಬೇಕು, ಪಕ್ಕದ ಮನೆಯವರು ಬೇಕು. ಸೆರಗು ಬಿಡಿಸಿ ಬೆಳಕಿಗೆ ಹಿಡಿಯಬೇಕು, ಜರಿ ನಿಜದ್ದೋ ಎಂದು ತಿರುವಿ ನೋಡಬೇಕು, ಬೇಡವೆಂದು ಬಿಟ್ಟುಹೋಗಿ ಎರಡು ಅಂಗಡಿ ಸುತ್ತಿ ಮತ್ತೆ ಅದೇ ಸೀರೆಗೆ ವಾಪಸು ಬರಬೇಕು. ಹೀಗೆ ನೋಡುವುದು ನಮ್ಮ ಜನಕ್ಕೆ ಬರುತ್ತದೆ, ಯಾರೂ ಹೊಸದಾಗಿ ಕಲಿಸಬೇಕಿಲ್ಲ. ಚಿತ್ರದ ಮುಂದೆ ಮಾತ್ರ ಅದನ್ನು ಒರಟುತನ ಎಂದುಕೊಳ್ಳುತ್ತೇವೆ.

ನೋಡಿ ಮುಗಿಸಿದವರ ನೋಟ ಎಂಥದ್ದು ಎಂಬುದಕ್ಕೆ ಸಾಕ್ಷಿ ಆ ಗ್ಯಾಲರಿಯಲ್ಲೇ ಇದೆ. ದೀಪ ಹಿಡಿದ ಹೆಣ್ಣಿನ ಚಿತ್ರ ಯಾರಿಗೆ ಗೊತ್ತಿಲ್ಲ? ಒಂದು ಕೈಯಲ್ಲಿ ದೀಪ, ಇನ್ನೊಂದು ಅಂಗೈ ಅದಕ್ಕೆ ಮರೆ, ಬೆರಳ ಸಂದಿಯಲ್ಲಿ ಕೆಂಪು. ಕ್ಯಾಲೆಂಡರಿನಲ್ಲಿ, ಮದುವೆಯ ಉಡುಗೊರೆ ಫ್ರೇಮಿನಲ್ಲಿ, ಹೋಟೆಲಿನ ಗಲ್ಲಾಪೆಟ್ಟಿಗೆಯ ಮೇಲೆ, ಎಲ್ಲೆಲ್ಲೂ ಇದೆ. ಯಾರು ಬರೆದದ್ದು ಎಂದು ಕೇಳಿ. ಹತ್ತರಲ್ಲಿ ಎಂಟು ಮಂದಿ "ರವಿವರ್ಮ" ಎನ್ನುತ್ತಾರೆ, ಅವರಲ್ಲಿ ಗ್ಯಾಲರಿಗೆ ಹೋಗಿ ಬಂದವರೂ ಇರುತ್ತಾರೆ. ರವಿವರ್ಮ ತೀರಿಕೊಂಡದ್ದು 1906ರಲ್ಲಿ. ಈ ಚಿತ್ರ ಹುಟ್ಟಿದ್ದು 1945-46ರ ಹೊತ್ತಿಗೆ. ಬರೆದವರು ಸಾವಂತವಾಡಿ ಮೂಲದ ಎಸ್.ಎಲ್. ಹಳದಣಕರ್. ದೀಪ ಹಿಡಿದು ನಿಂತವಳು ಅವರ ಮಗಳು ಗೀತಾ, ಮುಂದೆ ಗೀತಾ ಉಪಳೇಕರ್. ನೂರು ವರ್ಷ ದಾಟಿ ಬದುಕಿದ ಆಕೆ 2018ರಲ್ಲಿ ತೀರಿಕೊಂಡರು. ಅಂದರೆ ಮೊನ್ನೆ ಮೊನ್ನೆಯವರೆಗೆ ಚಿತ್ರದ ಹುಡುಗಿ ಬದುಕಿದ್ದಳು, ನಾವು ಅವಳನ್ನು ಅವಳು ಹುಟ್ಟುವ ಮೊದಲೇ ಕಣ್ಮುಚ್ಚಿದ ಚಿತ್ರಕಾರನ ಖಾತೆಗೆ ಬರೆದುಕೊಂಡು ಕೂತಿದ್ದೆವು.

ಇದು ಓದುಬರಹ ಇಲ್ಲದವರ ತಪ್ಪಲ್ಲ. ಅವಸರದಲ್ಲಿ ಒಬ್ಬೊಬ್ಬರೇ ನೋಡುವವರಿಗೆ ತಪ್ಪನ್ನು ತಿದ್ದಿಕೊಳ್ಳುವ ದಾರಿಯೇ ಇಲ್ಲ. ನನ್ನ ಜೊತೆ ಗ್ಯಾಲರಿಗೆ ಬರುವ ಗೆಳೆಯನೊಬ್ಬನಿದ್ದಾನೆ. ಜೀವಮಾನವೆಲ್ಲ ಸೀರೆ ಅಂಗಡಿಯ ಕೌಂಟರಿನ ಹಿಂದೆ ನಿಂತವನು, ಕಲೆಯ ಬಗ್ಗೆ ಒಂದು ಪುಸ್ತಕ ಓದಿದವನಲ್ಲ. ಅವನು ಹೇಳಿದ ಮಾತು ಇದು: "ನೋಡೋ, ಅಂಗಡೀಲಿ ನಾವು ಲೈಟು ಮೇಲಿಂದ ಹಾಕ್ತೀವಿ, ಜರಿ ಮಿಂಚಲಿ ಅಂತ. ರವಿವರ್ಮನೂ ಅಂಗಡಿಯೋನ ಥರಾನೇ, ಸೀರೆ ಒಡವೆ ಎಲ್ಲಾ ಎದ್ದು ಕಾಣಬೇಕು ಅವನಿಗೆ. ಇಲ್ಲಿ ಬೆಳಕು ಕೆಳಗಿಂದ ಬರ್ತಿದೆ. ಇವನಿಗೆ ಸೀರೆ ಮಾರೋ ಉದ್ದೇಶಾನೇ ಇಲ್ಲ ಕಣೋ." ಫಲಕ ಓದುವ ಮೊದಲೇ ಇವರಿಬ್ಬರೂ ಬೇರೆ ಬೇರೆ ಎಂದು ಅವನಿಗೆ ಗೊತ್ತಾಗಿತ್ತು. ನಾನು ಸುಮ್ಮನಿರಲಿಲ್ಲ. ರವಿವರ್ಮನನ್ನು ಅಂಗಡಿಯವನು ಎಂದದ್ದು ಅನ್ಯಾಯ ಎಂದು ವಾದಿಸಿದೆ, ಈಗಲೂ ವಾದಿಸುತ್ತೇನೆ. ಆದರೆ ಬೆಳಕಿನ ಮಾತು ಸರಿ. ಇನ್ನೊಂದೂ ಇದೆ: ಇದು ಎಣ್ಣೆಬಣ್ಣದ್ದಲ್ಲ, ಜಲವರ್ಣ. ಎಣ್ಣೆಬಣ್ಣದಲ್ಲಿ ಕತ್ತಲೆಯ ಮೇಲೆ ಬೆಳಕನ್ನು ಬಳಿಯಬಹುದು, ತಪ್ಪಿದರೆ ಮುಚ್ಚಬಹುದು. ತೆಳು ಜಲವರ್ಣದಲ್ಲಿ ಬೆಳಕೆಂದರೆ ಬಣ್ಣ ಹಾಕದೆ ಉಳಿಸಿಕೊಂಡ ಕಾಗದ. ಎಲ್ಲಿ ಕೈ ತಡೆಯಬೇಕೆಂದು ಮೊದಲೇ ಗೊತ್ತಿರಬೇಕು. ಹಿಂದೆ ಬಲ್ಬ್ ಇಟ್ಟಿದ್ದಾರಾ ಎಂದು ಕೇಳುವವರಿದ್ದಾರೆ. ಅದು ನಗುವ ಪ್ರಶ್ನೆಯಲ್ಲ, ಸರಿಯಾದ ಮೊದಲ ಪ್ರಶ್ನೆ. ಜೊತೆಗಿದ್ದವರು "ಇಲ್ಲ, ಮತ್ತೆ ಹೇಗೆ ಹೊಳೀತಿದೆ?" ಎಂದು ಎರಡನೆಯ ಪ್ರಶ್ನೆ ಕೇಳಬೇಕು ಅಷ್ಟೆ.

ರವಿವರ್ಮನ ಚಿತ್ರಗಳಿಗೆ ಬಂದರೆ ವಾದ ಇನ್ನೂ ಉದ್ದ. 1889ರ ಸುಮಾರಿನ, ಮೈಸೂರು ಅರಸರಿಗಾಗಿ ಬರೆದ, ಹನ್ನೊಂದು ಹೆಂಗಸರ ಸಂಗೀತಗೋಷ್ಠಿಯ ಚಿತ್ರ ಅಲ್ಲಿದೆ. ನಾನಾ ಪ್ರಾಂತದ, ನಾನಾ ಧರ್ಮದ, ನಾನಾ ಉಡುಗೆಯ ಹೆಂಗಸರು, ಎದುರಿಗೆ ವೀಣೆ ಹಿಡಿದವಳು ಕೇರಳದವಳು. ಪುಸ್ತಕಗಳಲ್ಲಿ ಇದಕ್ಕೆ ಕೊಡುವ ವಿವರಣೆ ಸಲೀಸಾಗಿದೆ: ವಿವಿಧತೆಯಲ್ಲಿ ಏಕತೆ. ನಾನೂ ಅದನ್ನೇ ಹೇಳಿದಾಗ ಗೆಳೆಯ ತಲೆಯಾಡಿಸಲಿಲ್ಲ. "ಇಷ್ಟು ಜನ ಒಟ್ಟಿಗೆ ಕೂತಿದ್ದಾರಲ್ಲ, ಒಬ್ಬಳಾದ್ರೂ ಇನ್ನೊಬ್ಬಳ ಮುಖ ನೋಡ್ತಿದ್ದಾಳಾ ಹೇಳು. ಇದು ಸೀರೆ ಕ್ಯಾಟಲಾಗು." ನಾನು ಪಟ್ಟು ಬಿಡದೆ ಒಬ್ಬೊಬ್ಬರ ಕಣ್ಣು ಎತ್ತ ನೋಡುತ್ತಿದೆ ಎಂದು ಹುಡುಕತೊಡಗಿದೆ. ಆ ಚಿತ್ರದ ಮುಂದೆ ನಾನು ಅಷ್ಟು ಹೊತ್ತು ನಿಂತದ್ದು ಅವನ ಮೇಲಿನ ಸಿಟ್ಟಿಗೆ. ಇವರೆಲ್ಲ ಯಾರಿಗಾಗಿ ಹಾಡುತ್ತಿದ್ದಾರೆ? ಇಷ್ಟು ವಾದ್ಯಗಳಿಗೆ ಶ್ರುತಿ ಯಾವುದು? ದೇಶ ಎಂಬ ಕಲ್ಪನೆ ಇನ್ನೂ ಗರಿಗಟ್ಟುತ್ತಿದ್ದ ಕಾಲದಲ್ಲಿ ಒಬ್ಬ ಮಹಾರಾಜ ಇಂಥ ಚಿತ್ರವನ್ನು ಯಾಕೆ ಬಯಸಿದ? ಕಾಂಗ್ರೆಸ್ ಹುಟ್ಟಿ ಆಗಿನ್ನೂ ನಾಲ್ಕು ವರ್ಷ. ಒಬ್ಬನೇ ಹೋಗಿದ್ದರೆ "ವಿವಿಧತೆಯಲ್ಲಿ ಏಕತೆ" ಎಂದುಕೊಂಡು ಮುಂದಿನ ಕೋಣೆಗೆ ದಾಟಿರುತ್ತಿದ್ದೆ.

ಇಲ್ಲಿ ಬಲ್ಲವರು ಅಡ್ಡ ಬರುತ್ತಾರೆ. ಕಲೆ ಅಂತರಂಗದ ಅನುಭವ, ಮಾತಿನ ಗದ್ದಲದಲ್ಲಿ ಅದು ಸಿಕ್ಕುವುದಿಲ್ಲ ಎನ್ನುತ್ತಾರೆ. ಯಾರ ಸಂಪ್ರದಾಯ ಇದು? ವೀಣೆ ಶೇಷಣ್ಣನವರ ಊರಿನಲ್ಲಿ, ಬಿಡಾರಂ ಕೃಷ್ಣಪ್ಪನವರು ರಾಮಮಂದಿರ ಕಟ್ಟಿದ ಊರಿನಲ್ಲಿ, ರಸಿಕ ಎಂದೂ ಕಲ್ಲಿನಂತೆ ಕೂತವನಲ್ಲ. ಒಳ್ಳೆಯ ಸಂಗತಿ ಬಿದ್ದರೆ "ಭಲೆ" ಎನ್ನುತ್ತಾನೆ, ತೊಡೆಯ ಮೇಲೆ ತಾಳ ಹಾಕುತ್ತಾನೆ, ಪಕ್ಕದವನತ್ತ ತಿರುಗಿ ಹುಬ್ಬೇರಿಸುತ್ತಾನೆ, ತನಿಯ ಹೊತ್ತಿಗೆ ಕಾಫಿಗೆ ಎದ್ದವನನ್ನು ಬೈಯುತ್ತಾನೆ. ಕರಾವಳಿಯ ತಾಳಮದ್ದಳೆಯಲ್ಲಂತೂ ವಾದವೇ ಕಲೆ. ಮ್ಯೂಸಿಯಮ್ಮಿನ ಪಿಸುಮಾತಿನ ಶಿಸ್ತು ನಮ್ಮಲ್ಲಿ ಹುಟ್ಟಿದ್ದಲ್ಲ, ಕಟ್ಟಡದ ನಕ್ಷೆಯ ಜೊತೆ ಹೊರಗಿನಿಂದ ಬಂದದ್ದು. ತಂದವರೆಲ್ಲರೂ ಅದನ್ನು ಅಷ್ಟು ಗಂಭೀರವಾಗಿ ತೆಗೆದುಕೊಂಡಿರಲೂ ಇಲ್ಲ. 1851ರಲ್ಲಿ ಮದರಾಸಿನ ಮ್ಯೂಸಿಯಂ ತೆರೆದ, ಬೆಂಗಳೂರಿನ ಸರ್ಕಾರಿ ಮ್ಯೂಸಿಯಂ ಹುಟ್ಟಲೂ ಕಾರಣನಾದ ಎಡ್ವರ್ಡ್ ಬಾಲ್‌ಫರ್ ಎಂಬ ವೈದ್ಯ ಜನ ಬರಲಿ ಎಂದು ಜೀವಂತ ಪ್ರಾಣಿಗಳನ್ನೇ ತಂದಿರಿಸಿದ. ಹುಲಿಮರಿಯನ್ನು ನೋಡಲು ಬಂದವರು ಕಲ್ಲು, ಮೂಳೆಗಳನ್ನೂ ನೋಡಿಕೊಂಡು ಹೋದರು. ಹುಲಿಮರಿಯ ಮುಂದೆ ಅವರು ಬಾಯಿ ಮುಚ್ಚಿಕೊಂಡಿದ್ದರು ಎಂದು ನನಗೇನೂ ಅನ್ನಿಸುವುದಿಲ್ಲ.

ಕಿರುಚಾಡಬೇಕು, ಬಣ್ಣದ ಮೇಲೆ ಬೆರಳಿಡಬೇಕು ಎಂದು ಯಾರೂ ಹೇಳುತ್ತಿಲ್ಲ. ಕಾಗದದ ಮೇಲಿನ ಚಿತ್ರಕ್ಕೆ ಬೆಳಕು ಹೆಚ್ಚಾದರೆ ಬಣ್ಣ ಹಾರುತ್ತದೆ. ಅದಕ್ಕೇ ಜಗತ್ತಿನ ಮ್ಯೂಸಿಯಮ್ಮುಗಳು ಅಂಥವನ್ನು 50 ಲಕ್ಸ್ ಆಸುಪಾಸಿನ ಮಂದ ಬೆಳಕಿನಲ್ಲಿಡುತ್ತವೆ. ಬೆಳಕಿನಿಂದ ಚಿತ್ರ ಕೆಡುತ್ತದೆ, ತೇವದಿಂದ ಕೆಡುತ್ತದೆ, ಗೆದ್ದಲಿನಿಂದ ಕೆಡುತ್ತದೆ. ಮಾತಿನಿಂದ ಕೆಟ್ಟ ಚಿತ್ರವನ್ನು ಯಾರಾದರೂ ತೋರಿಸಲಿ.

ಚಿತ್ರದ ವಿಷಯದಲ್ಲಿ ನನ್ನ ವಾದ ಒಪ್ಪದವರು ಮಾನಸಗಂಗೋತ್ರಿಯ ಜಾನಪದ ವಸ್ತುಸಂಗ್ರಹಾಲಯಕ್ಕೆ ಬರಲಿ. 1905ರಲ್ಲಿ ಅದೇ ಜಯಲಕ್ಷ್ಮಮ್ಮಣ್ಣಿಯವರಿಗಾಗಿ ಕಟ್ಟಿದ ಜಯಲಕ್ಷ್ಮಿ ವಿಲಾಸದಲ್ಲಿ ಇರುವ ಈ ಸಂಗ್ರಹ 1968ರಲ್ಲಿ ಶುರುವಾದದ್ದು. ಕಲಾವಿದ ಪಿ.ಆರ್. ತಿಪ್ಪೇಸ್ವಾಮಿ, ಜೀ.ಶಂ. ಪರಮಶಿವಯ್ಯನವರಂಥವರು ಹಳ್ಳಿ ಹಳ್ಳಿ ತಿರುಗಿ ಸೋಮನ ಮುಖ, ತೊಗಲುಗೊಂಬೆ, ಯಕ್ಷಗಾನದ ವೇಷ, ಅಳತೆಯ ಸೇರು ಕೊಳಗ, ಒಕ್ಕಲುತನದ ಸಲಕರಣೆ ಎಲ್ಲವನ್ನೂ ಹೊತ್ತು ತಂದರು. ಇಲ್ಲಿ ಮೌನವಾಗಿ ಒಬ್ಬರೇ ಸುತ್ತುವುದೆಂದರೆ ಶುದ್ಧ ನಷ್ಟ. ಟಿ. ನರಸೀಪುರದ ಕಡೆಯ ನನ್ನ ಸೋದರತ್ತೆಯ ಜೊತೆ ಹೋದಾಗ ಅವರು ಕೊಳಗದ ಮುಂದೆ ನಿಂತುಬಿಟ್ಟರು. "ಇದರಲ್ಲಿ ಅಳೆಯೋನ ಹೆಬ್ಬೆರಳು ಒಳಗಿದೆಯೋ ಹೊರಗಿದೆಯೋ ಅಂತ ನಮ್ಮಪ್ಪ ನೋಡ್ತಿದ್ದ ಕಣಪ್ಪ. ವಾರ ಒಯ್ಯೋಕೆ ಬಂದಾಗ ಹೊರಗೆ, ಸಾಲ ಕೊಡುವಾಗ ಒಳಗೆ." ಒಂದು ಹೆಬ್ಬೆರಳಿನಲ್ಲಿ ಗೇಣಿ ಪದ್ಧತಿಯ ಇಡೀ ಲೆಕ್ಕ ಇತ್ತು. ಇದನ್ನು ಯಾವ ಸಂಗ್ರಹಾಲಯದ ಚೀಟಿಯ ಮೇಲೂ ಬರೆದಿರುವುದಿಲ್ಲ, ಬರೆಯಲು ಜಾಗವೂ ಇರುವುದಿಲ್ಲ. ಅದು ಅತ್ತೆಯ ಬಾಯಲ್ಲಿತ್ತು, ಕೊಳಗ ಕಂಡಿದ್ದರಿಂದ ಹೊರಬಂತು, ಕೇಳಲು ಪಕ್ಕದಲ್ಲಿ ಇನ್ನೊಬ್ಬ ಇದ್ದುದರಿಂದ ಉಳಿಯಿತು. ಒನಕೆ ಹಿಡಿದು ಭತ್ತ ಕುಟ್ಟಿದವರು, ಏತ ಹೊಡೆದವರು, ಸೋಮನ ಮುಖ ಹೊತ್ತು ಕುಣಿದವರನ್ನು ಕಣ್ಣಾರೆ ಕಂಡವರು ಮೈಸೂರಿನ ಬಡಾವಣೆಗಳಲ್ಲಿ ಮಕ್ಕಳ ಮನೆಯ ಸೋಫಾದಲ್ಲಿ ಕೂತು ಸೀರಿಯಲ್ ನೋಡುತ್ತಿದ್ದಾರೆ. ಅವರೆಲ್ಲ ಹೋದ ಮೇಲೆ ಪಿಎಚ್‌ಡಿ ಮಾಡುವವರು ಬಂದು ಕೊಳಗದ ಎತ್ತರ, ಸುತ್ತಳತೆ ಬರೆದುಕೊಳ್ಳಬಹುದು.

"ಮ್ಯೂಸಿಯಮ್ಮುಗಳ ಸ್ಥಿತಿ ನೋಡಿ ಸ್ವಾಮಿ, ಸೋರುತ್ತೆ, ಧೂಳು, ಅರ್ಧ ಮುಚ್ಚಿರುತ್ತೆ, ಅಲ್ಲಿಗೆ ಯಾರು ಹೋಗ್ತಾರೆ?" ಎಂಬುದು ಮುಂದಿನ ತಕರಾರು. ಈ ಮಾತಿನಲ್ಲಿ ನಿಜ ಇದೆ, ಕಾರ್ಯಕಾರಣ ಮಾತ್ರ ತಲೆಕೆಳಗು. ಜಯಲಕ್ಷ್ಮಿ ವಿಲಾಸ ಈ ಶತಮಾನದ ಆರಂಭದಲ್ಲಿ ಇನ್ಫೋಸಿಸ್ ಪ್ರತಿಷ್ಠಾನದ ನೆರವಿನಿಂದ ಜೀರ್ಣೋದ್ಧಾರವಾಯಿತು. ಎರಡು ದಶಕದೊಳಗೆ ಮತ್ತೆ ದುರಸ್ತಿ ಬೇಡುವ ಸ್ಥಿತಿಗೆ ಬಂತು. ಇದರ ಪಕ್ಕದಲ್ಲಿ ದೇವರಾಜ ಮಾರುಕಟ್ಟೆಯನ್ನಿಟ್ಟು ನೋಡಿ. 2016ರಲ್ಲಿ ಅದರ ಒಂದು ಭಾಗ ಕುಸಿದ ಮೇಲೆ ಕೆಡವಬೇಕೋ ಉಳಿಸಬೇಕೋ ಎಂದು ಊರು ಎರಡು ಪಾಲಾಯಿತು, ಪತ್ರಿಕೆಗಳಿಗೆ ಪತ್ರ ಬರೆದರು, ಬೀದಿಗಿಳಿದರು, ಹೈಕೋರ್ಟಿಗೆ ಹೋದರು. ಯಾಕೆ? ಅಲ್ಲಿಗೆ ಜನ ವೀಳ್ಯದೆಲೆಗೆ, ಮಲ್ಲಿಗೆಗೆ, ಬಾಳೆಹಣ್ಣಿಗೆ ದಿನವೂ ಹೋಗುತ್ತಾರೆ. ಆ ಕಟ್ಟಡ ಅವರ ನಾಲಿಗೆಯ ಮೇಲಿದೆ. ಜಾನಪದ ಸಂಗ್ರಹಾಲಯದ ಒಂದು ಅಂಕಣ ಬಿದ್ದರೆ ಅಂಥ ಗಲಾಟೆ ಆಗುವುದಿಲ್ಲ, ಏಕೆಂದರೆ ಅದನ್ನು "ನೋಡಾಗಿದೆ". ಜನ ಬಾರದ ಕಟ್ಟಡಕ್ಕೆ ಅನುದಾನ ಬೇಡುವ ಧ್ವನಿ ಎಲ್ಲಿಂದ ಬರಬೇಕು? ವಿದೇಶಿ ದೂತಾವಾಸದ ನೆರವಿಗೂ ಕಂಪನಿಗಳ ಔದಾರ್ಯಕ್ಕೂ ಕಾಯಬೇಕಾಗುತ್ತದೆ.

ಎಲ್ಲವೂ ಮೊಬೈಲಿನಲ್ಲೇ ಸಿಗುತ್ತದೆ ಎನ್ನುವವರಿಗೆ ಉದ್ದ ಉತ್ತರ ಬೇಡ. ದೀಪದ ಹೆಣ್ಣಿನ ಚಿತ್ರವನ್ನು ರವಿವರ್ಮನ ಹೆಸರಿನಲ್ಲಿ ಊರೆಲ್ಲ ಹಂಚಿದ್ದೂ ಇದೇ ಮೊಬೈಲು.

ಪ್ರವಾಸೋದ್ಯಮವನ್ನು ನಾನು ಬೈಯುವುದಿಲ್ಲ, ಊರಿನ ಹೊಟ್ಟೆಪಾಡು ಅದರ ಮೇಲಿದೆ. ಆದರೆ ಅರಮನೆ, ಮೃಗಾಲಯ, ಜಗನ್ಮೋಹನ, ಬೆಟ್ಟ, ಸಂಜೆಗೆ ಬೃಂದಾವನದ ಕಾರಂಜಿ ಎಂಬ ಒಂದು ದಿನದ ಪಟ್ಟಿ ಹೊರಗಿನವರಿಗೆ ಮಾಡಿದ್ದು. ಬಸ್ಸಿನ ಗೈಡು "ಇಲ್ಲಿಗೆ ಮುಕ್ಕಾಲು ಗಂಟೆ" ಎಂದರೆ ಅವರಿಗೆ ಬೇರೆ ದಾರಿಯಿಲ್ಲ. ಸರಸ್ವತೀಪುರದಿಂದ ಆಟೋದಲ್ಲಿ ಹತ್ತು ನಿಮಿಷಕ್ಕೆ ಬಂದು ಇಳಿಯುವವರು ಆ ಮುಕ್ಕಾಲು ಗಂಟೆಯನ್ನೇ ಅಳತೆಗೋಲು ಮಾಡಿಕೊಂಡಿರುವುದು ಸೋಜಿಗ. ಎಲ್ಲವನ್ನೂ ನೋಡಬೇಕು ಎಂಬ ಹಟ ಇರುವುದು ಮತ್ತೆ ಬರಲಾರದವನಿಗೆ. ನಮಗೆ ಅಂಥ ಬಡತನವಿಲ್ಲ. ಒಂದು ಶನಿವಾರ ರವಿವರ್ಮ, ಒಂದು ಭಾನುವಾರ ರೈಲ್ವೆ ಮ್ಯೂಸಿಯಮ್ಮಿನ ಮಹಾರಾಣಿಯ ಬೋಗಿ, ಮಳೆಗಾಲದಲ್ಲಿ ಕಾರಂಜಿ ಕೆರೆಯ ಪಕ್ಕದ ಪ್ರಾಕೃತಿಕ ಇತಿಹಾಸ ಸಂಗ್ರಹಾಲಯ. ಎಷ್ಟೋ ಬಾಕಿ ಉಳಿದರೂ ನಷ್ಟವೇನು?

ಇದಕ್ಕೆ ಸಂಗ್ರಹಾಲಯ ನಡೆಸುವವರೂ ಸ್ವಲ್ಪ ಬಗ್ಗಬೇಕು. ಮತ್ತೆ ಮತ್ತೆ ಬಾ ಎನ್ನುವವನು ಪ್ರತಿ ಸಲವೂ ಪೂರ್ತಿ ಟಿಕೆಟ್ ಕೇಳಬಾರದು. ಊರಿನವರಿಗೆ ಇಬ್ಬರಿಗೊಂದು ವರ್ಷದ ಪಾಸು ಕೊಡಲಿ, ಇಬ್ಬರೂ ಒಟ್ಟಿಗೇ ಬರಬೇಕು ಎಂಬ ಷರತ್ತನ್ನೂ ಹಾಕಲಿ. ಸಂಜೆ ಐದಕ್ಕೋ ಐದೂವರೆಗೋ ಬಾಗಿಲು ಹಾಕಿದರೆ ದುಡಿಯುವವರಿಗೆ ಭಾನುವಾರದ ನೂಕುನುಗ್ಗಲೇ ಗತಿ. ವಾರಕ್ಕೊಂದು ಸಂಜೆ ಎಂಟರವರೆಗೆ ತೆರೆದಿಡಲಿ. ಗೋಡೆಯ ಮೇಲಿನ "ಮಾತನಾಡಬೇಡಿ" ಫಲಕ ತೆಗೆದು ಅದೇ ಮೊಳೆಗೆ ಚಿತ್ರ ಬರೆದವರ ಹೆಸರು, ವರ್ಷ, ಬಣ್ಣದ ಬಗೆಯನ್ನು ದೊಡ್ಡ ಕನ್ನಡ ಅಕ್ಷರದಲ್ಲಿ ಬರೆದು ನೇತುಹಾಕಲಿ. ಮುಖ್ಯವಾಗಿ, ಕೂರಲು ಜಾಗ ಬೇಕು. ನಮ್ಮ ಹೆಚ್ಚಿನ ಸಂಗ್ರಹಾಲಯಗಳಲ್ಲಿ ಕುರ್ಚಿ ಇರುವುದು ಕಾವಲುಗಾರರಿಗೆ ಮಾತ್ರ. ಅರವತ್ತು ದಾಟಿದ ಇಬ್ಬರು ಹನ್ನೊಂದು ಹೆಂಗಸರ ಕಣ್ಣೋಟ ಲೆಕ್ಕ ಹಾಕಬೇಕೆಂದರೆ ಮಂಡಿ ಬಿಡಬೇಕಲ್ಲ. ಪ್ರತಿ ಕೋಣೆಗೆ ಒಂದು ಬೆಂಚು, ಇಬ್ಬರು ಕೂರುವಷ್ಟು ಅಗಲದ್ದು, ಗೋಡೆಗೆ ಒರಗಿಸದೆ ಚಿತ್ರದ ಎದುರಿಗೇ ಹಾಕಲಿ. ಇದಕ್ಕೆ ದೂತಾವಾಸದ ಹಣ ಬೇಕಿಲ್ಲ, ಒಬ್ಬ ಬಡಗಿ ಸಾಕು.